ರೈಜನ್ 5 5600ಜಿ ಹಾಕಿ ಮನೆಗೊಂದು ಕಂಪ್ಯೂಟರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು

ಗ್ರಾಫಿಕ್ಸ್ ಕಾರ್ಡ್ ಬೇಡ, ಮನೆಮಂದಿಗೆಲ್ಲ ಆಗುವ ಒಂದು ಡೆಸ್ಕ್‌ಟಾಪ್ ಬೇಕು ಅಂತ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿ ನೋಡಿ. ಕೈಗೆ ಬರುವ ಕೊಟೇಶನ್‌ನ ಮೊದಲ ಸಾಲಿನಲ್ಲಿ ಎಎಂಡಿ ರೈಜನ್ 5 5600ಜಿ ಇದ್ದರೆ ಆಶ್ಚರ್ಯವಿಲ್ಲ. 2021ರ ಆಗಸ್ಟ್‌ನಲ್ಲಿ ಅಂಗಡಿಗೆ ಬಂದ ಪ್ರೊಸೆಸರ್ ಇದು. 6 ಕೋರ್ (ಕೆಲಸ ಮಾಡುವ ಘಟಕ), 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸ), 3.9ರಿಂದ 4.4 ಗಿಗಾಹರ್ಟ್ಸ್ ವೇಗ, 65 ವ್ಯಾಟ್. ಒಳಗೇ ವೇಗಾ 7 ಗ್ರಾಫಿಕ್ಸ್, ಬಾಕ್ಸಿನಲ್ಲೇ ಫ್ಯಾನು. ಹಳೆಯದಾಯಿತಲ್ಲ ಅನ್ನುವವರಿಗೆ ಉತ್ತರ: ಹೌದು, ಹಳೆಯದು, ಆದರೆ ಮನೆ ಕೆಲಸಕ್ಕೆ ಇವತ್ತಿಗೂ ತೆಗೆದುಕೊಳ್ಳಬಹುದಾದ ಮಾಲು. ಕೊಟೇಶನ್ ಕೆಡುವುದು ಈ ಮೊದಲ ಸಾಲಿನಲ್ಲಲ್ಲ, ಅದರ ಕೆಳಗಿನ ಸಾಲುಗಳಲ್ಲಿ. ಒಂದೇ ಸ್ಟಿಕ್ ರ್ಯಾಮ್, ಕ್ಯಾಬಿನೆಟ್ ಜೊತೆ 'ಫ್ರೀ' ಬಂದ ಎಸ್‌ಎಂಪಿಎಸ್ (ಕರೆಂಟು ಒದಗಿಸುವ ಡಬ್ಬಿ), ಹೆಸರೇ ಕೇಳದ ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ಡ್ರೈವ್), ಈ ಮೂರು ಸೇರಿದರೆ 5600ಜಿ ಹಾಕಿಯೂ ಪ್ರಯೋಜನವಿಲ್ಲ.

ಮೊದಲು ಪ್ರೊಸೆಸರ್ ವಿಚಾರ ಮುಗಿಸೋಣ. ಮಕ್ಕಳ ಆನ್‌ಲೈನ್ ಪಾಠ, ಎಕ್ಸೆಲ್, ಟ್ಯಾಲಿ, ಪೇಜ್‌ಮೇಕರ್-ಕೋರೆಲ್ ಹಿಡಿದು ಮಾಡುವ ಡಿಟಿಪಿ, ಫೋಟೋಶಾಪ್, ಸಾಧಾರಣ 1080ಪಿ ವಿಡಿಯೋ ಎಡಿಟಿಂಗ್, ಜೊತೆಗೆ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬು, ಇಷ್ಟಕ್ಕೆಲ್ಲ ಇದು ಧಾರಾಳವಾಗಿ ಸಾಕು. ವ್ಯಾಲರೆಂಟ್‌ನಂಥ ಹಗುರ ಆಟಗಳು 1080ಪಿಯಲ್ಲಿ ಸಲೀಸಾಗಿ ಓಡುತ್ತವೆ. ಜಿಟಿಎ 5 ಸೆಟ್ಟಿಂಗ್ ಇಳಿಸಿದರೆ ಆಡುವಂತಿರುತ್ತದೆ. ಈಚಿನ ಭಾರೀ ಆಟಗಳ ಆಸೆ ಬೇಡ.

ಕೊರತೆಗಳೂ ಇವೆ, ಅಂಗಡಿಯವರು ಹೇಳುವುದಿಲ್ಲ. ವೇಗಾ ಗ್ರಾಫಿಕ್ಸ್‌ಗೆ ಎವಿ1 ಎಂಬ ಬಗೆಯಲ್ಲಿ ಕುಗ್ಗಿಸಿದ ವಿಡಿಯೋ ಬಿಡಿಸುವ ಹಾರ್ಡ್‌ವೇರ್ ಇಲ್ಲ. ಯೂಟ್ಯೂಬ್ ಎವಿ1 ಕಳಿಸಿದಾಗ ಆ ಕೆಲಸ ಕೋರ್‌ಗಳ ಮೇಲೆ ಬೀಳುತ್ತದೆ. 1080ಪಿಯಲ್ಲಿ ಗೊತ್ತೇ ಆಗುವುದಿಲ್ಲ, 4ಕೆಯಲ್ಲಿ ಫ್ಯಾನಿನ ಸದ್ದು ಏರುತ್ತದೆ. ಡ್ರೈವರ್ ವಿಷಯದಲ್ಲೂ ಎಎಂಡಿ 2023ರ ಕೊನೆಯಿಂದ ವೇಗಾ ಪೀಳಿಗೆಯನ್ನು ಮುಖ್ಯ ಸಾಲಿನಿಂದ ಬದಿಗಿಟ್ಟಿದೆ. ಅಗತ್ಯದ ತಿದ್ದುಪಡಿಗಳು ಬರುತ್ತವೆ, ಹೊಸ ಆಟಗಳಿಗಾಗಿ ವಿಶೇಷ ಸುಧಾರಣೆ ಬರುವುದಿಲ್ಲ.

ಮೂರನೆಯದು ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ. ಪಿಸಿಐಇ ಅಂದರೆ ಕಾರ್ಡು, ಎಸ್‌ಎಸ್‌ಡಿಗಳು ಪ್ರೊಸೆಸರಿನೊಡನೆ ಮಾತಾಡುವ ದಾರಿ; ಈ ಚಿಪ್ ಅದರ 3.0 ಆವೃತ್ತಿಗೆ ನಿಲ್ಲುತ್ತದೆ. ಮದರ್‌ಬೋರ್ಡು 4.0 ಕೊಡುವ ಬಿ550 ಆದರೂ ಅಷ್ಟೇ. ಆರ್‌ಎಕ್ಸ್ 6400, 6500 ಎಕ್ಸ್‌ಟಿ ಕಾರ್ಡುಗಳಿಗೆ ಇರುವುದೇ ಆ ದಾರಿಯ ನಾಲ್ಕು ಲೇನ್ (ಪಥ), ಅವನ್ನು 3.0 ಸ್ಲಾಟಿಗೆ ಹಾಕಿದರೆ ದಾರಿ ಅರ್ಧಕ್ಕರ್ಧ ಕಿರಿದಾಗಿ, ವಿಡಿಯೋ ಮೆಮೊರಿ ತುಂಬುತ್ತಿದ್ದಂತೆ ಆಟ ತಡವರಿಸುತ್ತದೆ. 'ಸಸ್ತಾ ಕಾರ್ಡ್ ಇದೆ, ಹಾಕಿಬಿಡಿ ಸರ್' ಅಂದರೆ ಬೇಡ ಅನ್ನಿ. ಎಂಟು ಲೇನಿನ ಆರ್‌ಎಕ್ಸ್ 6600 ಆದರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಹೆಸರಿನ ಕೊನೆಯ ಅಕ್ಷರಗಳ ಮೇಲೆ ಕಣ್ಣಿರಲಿ. 5600ಜಿಟಿ ಅಂದರೆ 2024ರ ಜನವರಿಯಲ್ಲಿ ಬಂದ ಹೆಚ್ಚುಕಡಿಮೆ ಇದೇ ಚಿಪ್, ಬೂಸ್ಟ್ (ಗರಿಷ್ಠ ವೇಗ) 4.6 ಗಿಗಾಹರ್ಟ್ಸ್. 5500ಜಿಟಿಯೂ ಅದೇ ಜಾತಿ. ಮೂರರಲ್ಲಿ ಆ ದಿನ ಯಾವುದು ಕಡಿಮೆಗೆ ಸಿಗುತ್ತದೋ ಅದನ್ನು ತನ್ನಿ, ಬಳಕೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. 'ಜಿ' ಇಲ್ಲದ 5600 ಮತ್ತು 5500 ಬೇರೆಯವು: ಅವುಗಳಿಂದ ಗ್ರಾಫಿಕ್ಸ್ ಸಿಗುವುದಿಲ್ಲ. ಇಂಟೆಲ್‌ನಲ್ಲಿ 'ಎಫ್' ಬಾಲ ಇರುವವೂ ಹಾಗೆಯೇ. ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಕಡಿಮೆ ಕಂಡಿತು ಅಂತ ಅಂಥದ್ದನ್ನು ತರಿಸಿ, ಎಲ್ಲ ಜೋಡಿಸಿ, ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಇದೆ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಅಲ್ಲಿ ಏನೂ ಕೆಟ್ಟಿರುವುದಿಲ್ಲ, ಚಿತ್ರ ಕೊಡುವವರೇ ಇಲ್ಲ ಅಷ್ಟೆ.

ಆಟದ ಗೊಡವೆಯೇ ಇಲ್ಲ, ಬರೀ ಆಫೀಸು ಕೆಲಸ ಮತ್ತು ವಿಡಿಯೋ ನೋಡುವುದು ಅನ್ನುವವರಿಗೆ ಇಂಟೆಲ್ ಕೋರ್ ಐ3-12100 ಕೂಡ ಒಳ್ಳೆಯದೇ. ನಾಲ್ಕೇ ಕೋರ್ ಆದರೂ ಒಂದೊಂದು ಕೋರಿನ ವೇಗ 5600ಜಿಗಿಂತ ಮೇಲು, ಎವಿ1 ಕೂಡ ಹಾರ್ಡ್‌ವೇರಿನಲ್ಲೇ ಬಿಡಿಸುತ್ತದೆ. ಅದರ ಯುಎಚ್‌ಡಿ 730 ಗ್ರಾಫಿಕ್ಸ್ ಮಾತ್ರ ವೇಗಾ ಮುಂದೆ ನಿಲ್ಲದು. ರೈಜನ್ 3 3200ಜಿ ಈಗಲೂ ಮಾರುತ್ತಾರೆ, ನಾಲ್ಕು ಕೋರ್, ನಾಲ್ಕೇ ಥ್ರೆಡ್. ಹೊಸದಾಗಿ ದುಡ್ಡು ಕೊಟ್ಟು ತರುವುದಕ್ಕಲ್ಲ. ರೈಜನ್ 5 8500ಜಿ ಹೊಸ ಪೀಳಿಗೆಯದು, ಆದರೆ ಎಎಂ5 ಸಾಕೆಟ್ಟಿನ ಬೋರ್ಡು ಮತ್ತು ಡಿಡಿಆರ್5 ರ್ಯಾಮ್ ಕೇಳುತ್ತದೆ; ಒಟ್ಟು ಲೆಕ್ಕ ಬಜೆಟ್ ದಾಟುತ್ತದೆ.

ಈಗ ರ್ಯಾಮ್. ಇಡೀ ಕೊಟೇಶನ್‌ನಲ್ಲಿ ಹೆಚ್ಚು ಹೊತ್ತು ನೋಡಬೇಕಾದ ಸಾಲು ಇದೇ. 5600ಜಿಯ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್ಯಾಮನ್ನೇ ಹಂಚಿಕೊಂಡು ಬದುಕಬೇಕು. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಸ್ಟಿಕ್ ಎರಡು ಚಾನೆಲ್‌ನಲ್ಲಿ 51.2 ಜಿಬಿ. ಅಂದರೆ 16 ಜಿಬಿಯ ಒಂದೇ ಸ್ಟಿಕ್ ಹಾಕಿದಿರೋ, ಗ್ರಾಫಿಕ್ಸ್‌ನ ದಾರಿ ಅರ್ಧ ಮುಚ್ಚಿದಿರಿ. ಆಟಗಳಲ್ಲಿ ಫ್ರೇಮ್ ಸಂಖ್ಯೆ ಮೂರನೇ ಒಂದು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಬೀಳುತ್ತದೆ. ಕೊಟೇಶನ್‌ನಲ್ಲಿ '16 ಜಿಬಿ ರ್ಯಾಮ್' ಅಂತಷ್ಟೇ ಬರೆದಿದ್ದರೆ '8×2' ಎಂದು ಬರೆಸಿ, 3200 ವೇಗವನ್ನೂ ಬರೆಸಿ.

2025ರ ಕೊನೆಯಿಂದ ರ್ಯಾಮ್ ಬೆಲೆ ವಿಪರೀತ ಏರಿದೆ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್‌ಗಳು ಹೋಗುತ್ತಿರುವುದೇ ಮುಖ್ಯ ಕಾರಣ. ಡಿಡಿಆರ್4 ಕೂಡ ತಪ್ಪಿಸಿಕೊಂಡಿಲ್ಲ. 2024ರಲ್ಲಿ ಮಾನಿಟರ್ ಬಿಟ್ಟು ಮೂವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಸೆಟ್ಟು ಈಗ ಮುಗಿಯುವುದಿಲ್ಲ, ಕಾರಣ ಬಹುಪಾಲು ರ್ಯಾಮು ಮತ್ತು ಎಸ್‌ಎಸ್‌ಡಿ. ಇಂಥ ಹೊತ್ತಿನಲ್ಲಿ ಕೈ ಗಿಡ್ಡವಾದರೆ 4×2ಕ್ಕೆ ಇಳಿಯಬೇಡಿ. ಗ್ರಾಫಿಕ್ಸ್ 2 ಜಿಬಿ ತಿಂದ ಮೇಲೆ ಉಳಿಯುವ 6 ಜಿಬಿಯಲ್ಲಿ ವಿಂಡೋಸ್ 11 ಏದುಸಿರು ಬಿಡುತ್ತದೆ, ಎರಡು ಸ್ಲಾಟಿನ ಬೋರ್ಡಿನಲ್ಲಿ ಮುಂದೆ ಸೇರಿಸಲು ಜಾಗವೂ ಉಳಿಯುವುದಿಲ್ಲ. ಅದರ ಬದಲು ಒಂದು 8 ಜಿಬಿ ಸ್ಟಿಕ್ ಹಾಕಿ ಕೆಲಸ ಶುರುಮಾಡಿ, ಅದರ ಪೂರ್ತಿ ಮಾಡೆಲ್ ನಂಬರ್ ಬರೆದಿಟ್ಟುಕೊಂಡು ಆಮೇಲೆ ಅದೇ ನಂಬರಿನ ಇನ್ನೊಂದನ್ನು ಜೊತೆಗೂಡಿಸಿ. ಬೇರೆ ಬೇರೆ ಸ್ಟಿಕ್ ಬೆರೆಸಿದರೆ ಸಾಮಾನ್ಯವಾಗಿ ಓಡುತ್ತವೆ, ಆದರೆ ಎರಡರಲ್ಲಿ ನಿಧಾನದ್ದರ ವೇಗದಲ್ಲಿ; ಕೆಲವೊಮ್ಮೆ ಬೂಟ್ ಆಗಲು ತಕರಾರು ಮಾಡುತ್ತವೆ. ಬಳಸಿದ ಡಿಡಿಆರ್4 ಸ್ಟಿಕ್‌ಗಳೂ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ರ್ಯಾಮ್ ಸುಲಭಕ್ಕೆ ಸವೆಯುವ ವಸ್ತುವಲ್ಲ, ಹಾಗಾಗಿ ಹೆದರಬೇಕಿಲ್ಲ. ಆದರೆ ತಂದ ರಾತ್ರಿಯೇ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ಸುತ್ತು ಪೂರ್ತಿ ಓಡಿಸಿ. ಒಂದೇ ಒಂದು ಎರರ್ ಬಂದರೂ ವಾಪಸ್ ಕೊಡಿ.

ಸ್ಟಿಕ್ ತಂದರಷ್ಟೇ ಸಾಲದು, ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಎಕ್ಸ್‌ಎಂಪಿ ಎಂಬ, ರ್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್ ಆನ್ ಮಾಡಬೇಕು. ಆಸುಸ್ ಬೋರ್ಡುಗಳಲ್ಲಿ ಅದರ ಹೆಸರು ಡಿಒಸಿಪಿ. ಮಾಡದಿದ್ದರೆ ಅನೇಕ 3200 ಸ್ಟಿಕ್‌ಗಳು 2400 ಅಥವಾ 2666ರಲ್ಲೇ ತೆವಳುತ್ತವೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ತೋರಿಸುತ್ತದೆ, ನೋಡಿಕೊಳ್ಳಿ. ಅದೇ ಪುಟದಲ್ಲಿ 16 ಜಿಬಿ ಬದಲು 13.9 ಅಂತಲೋ 15.4 ಅಂತಲೋ ಕಂಡರೆ ಗಾಬರಿ ಬೇಡ, ಉಳಿದದ್ದು ಗ್ರಾಫಿಕ್ಸ್‌ಗೆ ಮೀಸಲು. ಎಷ್ಟು ಮೀಸಲಿಡಬೇಕು ಅನ್ನುವುದು ಬಯಾಸ್‌ನ ಯುಎಂಎ ಫ್ರೇಮ್ ಬಫರ್ ಸೈಜ್ ಎಂಬಲ್ಲಿದೆ. ಆಟ ಆಡುವವರು 2 ಜಿಬಿ ಇಡಿ, ಉಳಿದವರು ಆಟೋ ಬಿಟ್ಟರೆ ಸಾಕು.

ಬೋರ್ಡಿಗೆ ಹೆಚ್ಚು ಖರ್ಚು ಬೇಡ. 5600ಜಿಗೆ ಎ520 ಬೋರ್ಡು ಸಾಕೇ ಸಾಕು. ಬಿ550 ಕೊಡುವ ಮುಖ್ಯ ಲಾಭ ಪಿಸಿಐಇ 4.0, ಅದು ಈ ಪ್ರೊಸೆಸರಿಗೆ ದಕ್ಕುವುದೇ ಇಲ್ಲ. ಪ್ರೊಸೆಸರಿನ ಬೆಲೆಗೆ ಹತ್ತಿರದ ಬೋರ್ಡು ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಎ520ಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲಾಗದು (ನಿಗದಿಗಿಂತ ವೇಗವಾಗಿ ಓಡಿಸಲಾಗದು), ರ್ಯಾಮಿನ ಎಕ್ಸ್‌ಎಂಪಿ ಓಡುತ್ತದೆ; ನಮಗೆ ಬೇಕಾದದ್ದು ಎರಡನೆಯದೇ. ಆಸುಸ್ ಪ್ರೈಮ್ ಎ520ಎಂ-ಕೆ ಥರದ ಸಣ್ಣ ಬೋರ್ಡಿನಲ್ಲಿ ಎರಡು ರ್ಯಾಮ್ ಸ್ಲಾಟು, ಎಸ್‌ಎಸ್‌ಡಿಗೆ ಒಂದು ಎಂ.2 ಸ್ಲಾಟು, ಎಚ್‌ಡಿಎಂಐ, ಜೊತೆಗೆ ಹಳೆಯ ವಿಜಿಎ ಕೂಡ ಇದೆ. ಮನೆಯಲ್ಲಿ ಹಳೆ ಮಾನಿಟರ್ ಬಿದ್ದಿರುವವರಿಗೆ ಈ ವಿಜಿಎ ಒಂದು ಸಾವಿರಾರು ರೂಪಾಯಿಯ ಉಳಿತಾಯ. ವೈಫೈ ಇರುವುದಿಲ್ಲ, ಯುಎಸ್‌ಬಿ ಡಾಂಗಲ್ ಬೇಕಾಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬೋರ್ಡಿನಲ್ಲಿ ಎಡವುವ ಜಾಗ ಒಂದೇ: ಬಯಾಸ್. ಬಿ450 ಬಂದದ್ದು 2018ರಲ್ಲಿ, ಎ520 ಮತ್ತು ಬಿ550 2020ರಲ್ಲಿ. ಪ್ರೊಸೆಸರ್ ಇವೆಲ್ಲಕ್ಕಿಂತ ಕಿರಿಯದು. ಗೋದಾಮಿನಲ್ಲಿ ಕೂತಿದ್ದ ಹಳೆಯ ಸ್ಟಾಕು ಬಂದರೆ ಬೋರ್ಡಿಗೆ ಪ್ರೊಸೆಸರಿನ ಪರಿಚಯವಿರುವುದಿಲ್ಲ, ಲೈಟು-ಫ್ಯಾನು ಎಲ್ಲ ಬಂದರೂ ಚಿತ್ರ ಬರದು. ಖರೀದಿಸುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಕೊಡಿ ಅಂತ ಕೇಳಿ, ಅಂಗಡಿಯವರಿಗೆ ಹತ್ತು ನಿಮಿಷದ ಕೆಲಸ. ಆನ್‌ಲೈನ್‌ನಲ್ಲಿ ತರಿಸುವವರು ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಹಾಕುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ನೋಡಲಿ. ಹೊಸ ಬಯಾಸ್‌ನಿಂದ ಇನ್ನೊಂದು ಉಪಕಾರವಿದೆ: ವಿಂಡೋಸ್ 11ಕ್ಕೆ ಬೇಕಾದ ಎಫ್‌ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಆನ್ ಮಾಡಿದಾಗ ಆಗಾಗ ಇಡೀ ಸಿಸ್ಟಮ್ ಕ್ಷಣಕಾಲ ಹೆಪ್ಪುಗಟ್ಟುತ್ತಿತ್ತು. 2022ರಲ್ಲಿ ಬಂದ ಎಜೆಸಾ 1.2.0.7 (ಬಯಾಸ್‌ನೊಳಗಿನ ಎಎಂಡಿ ಕೋಡ್) ಅದನ್ನು ಸರಿಪಡಿಸಿತು. ಅದಕ್ಕಿಂತ ಹಳೆಯ ಬಯಾಸ್ ಇಟ್ಟುಕೊಂಡು ವಿಂಡೋಸನ್ನು ಬೈಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ.

ಎಸ್‌ಎಸ್‌ಡಿ 500 ಜಿಬಿಯ ಎನ್‌ವಿಎಂಇ (ಎಂ.2 ಸ್ಲಾಟಿನಲ್ಲಿ ಕೂರುವ ವೇಗದ ಬಗೆ) ಇರಲಿ. 256 ಜಿಬಿ ಒಂದೇ ವರ್ಷದಲ್ಲಿ ಉಸಿರುಗಟ್ಟುತ್ತದೆ. ಬೂಟ್‌ಗೆ ಹಾರ್ಡ್‌ಡಿಸ್ಕ್ ಬೇಡವೇ ಬೇಡ. ಪಿಸಿಐಇ 4.0 ಎಸ್‌ಎಸ್‌ಡಿ ಹಾಕಿದರೂ ಇಲ್ಲಿ 3.0 ವೇಗಕ್ಕೇ ಓಡುವುದರಿಂದ ಡಬ್ಬಿಯ ಮೇಲಿನ ದೊಡ್ಡ ಅಂಕಿಗೆ ಮರುಳಾಗುವ ಅಗತ್ಯವಿಲ್ಲ; ಒಳಗಿನ ಚಿಪ್ ಟಿಎಲ್‌ಸಿಯೋ (ಒಂದು ಕೋಶಕ್ಕೆ ಮೂರು ಬಿಟ್) ಕ್ಯೂಎಲ್‌ಸಿಯೋ (ನಾಲ್ಕು ಬಿಟ್, ಬೇಗ ಸವೆಯುವಂಥದ್ದು) ನೋಡಿ. ಡಬ್ಲ್ಯುಡಿ ಬ್ಲೂ ಎಸ್‌ಎನ್580 ಟಿಎಲ್‌ಸಿ, 1 ಟಿಬಿಯದಕ್ಕೆ 600 ಟಿಬಿ ಬರೆಯುವವರೆಗೆ ವಾರಂಟಿ. ಕ್ರೂಶಿಯಲ್ ಪಿ3 ಕ್ಯೂಎಲ್‌ಸಿ, ಅಷ್ಟೇ ಸಾಮರ್ಥ್ಯಕ್ಕೆ 220. ದಿನಬಳಕೆಯಲ್ಲಿ ಎರಡೂ ಒಂದೇ ಅನಿಸುತ್ತವೆ. ಮದುವೆ ವಿಡಿಯೋದಂಥ ದೊಡ್ಡ ಫೋಲ್ಡರ್ ಒಮ್ಮೆಲೇ ಕಾಪಿ ಮಾಡಿದಾಗ ಮಾತ್ರ ಕ್ಯೂಎಲ್‌ಸಿ ಸ್ವಲ್ಪ ಹೊತ್ತು ಓಡಿ ಹಾರ್ಡ್‌ಡಿಸ್ಕಿನ ವೇಗಕ್ಕೆ ಕುಸಿಯುತ್ತದೆ. ಹೆಸರಿಲ್ಲದ ಬ್ರ್ಯಾಂಡಿನದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಹೋದಾಗ ಒಳಗಿನ ಫೋಟೋಗಳನ್ನೂ ಕರೆದುಕೊಂಡೇ ಹೋಗುತ್ತದೆ.

ಎಸ್‌ಎಂಪಿಎಸ್ ಬಗ್ಗೆ ಯಾರ ಮಾತನ್ನೂ ಕೇಳಬೇಕಿಲ್ಲ, ಅದರ ಮೈಮೇಲಿನ ಲೇಬಲ್ ಓದಿ. ಕಂಪ್ಯೂಟರಿನ ಹೊರೆಯ ಬಹುಪಾಲು ಬೀಳುವುದು 12 ವೋಲ್ಟ್ ಸಾಲಿನ ಮೇಲೆ. ನಿಜವಾದ 450 ವ್ಯಾಟಿನದಾದರೆ ಅಲ್ಲಿ 36 ಆಂಪಿಯರ್ ಆಸುಪಾಸು ಇರುತ್ತದೆ: 12×36 ಅಂದರೆ 432 ವ್ಯಾಟ್. ಸಾವಿರ ರೂಪಾಯಿಯೊಳಗಿನ ಲೋಕಲ್ ಡಬ್ಬಿಯಲ್ಲೂ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಅಂತಲೇ ಇರುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ 12 ವೋಲ್ಟಿಗೆ 16 ಆಂಪಿಯರ್. 12×16 ಅಂದರೆ 192. 5600ಜಿ ಗರಿಷ್ಠ 88 ವ್ಯಾಟ್ ಎಳೆಯುವುದರಿಂದ ಅದೂ ಓಡೀತು, ಬಹಳ ಮನೆಗಳಲ್ಲಿ ಓಡುತ್ತಲೂ ಇದೆ. ತೊಂದರೆ ಬರುವುದು ವೋಲ್ಟೇಜ್ ಏರಿಳಿದ ದಿನ. ಒಳ್ಳೆಯದರಲ್ಲಿ ಓವರ್‌ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇರುತ್ತದೆ, ತಾನು ಸತ್ತರೂ ಬೋರ್ಡು ಉಳಿಸುತ್ತದೆ. ಲೋಕಲ್‌ದು ಹೋಗುವಾಗ ಬೋರ್ಡು, ಎಸ್‌ಎಸ್‌ಡಿ ಎರಡನ್ನೂ ಜೊತೆಗೊಯ್ಯಬಹುದು. 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿನ 450 ವ್ಯಾಟ್ ಸಾಕು. ಮುಂದೆ ಆರ್‌ಎಕ್ಸ್ 6600 ಮಟ್ಟದ ಕಾರ್ಡ್ ಯೋಚನೆ ಇದ್ದರೆ ಈಗಲೇ 550ಕ್ಕೆ ಹೋಗಿ.

ಇದರ ಜೊತೆಗೇ ಮನೆಯ ಕರೆಂಟು. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಅಂತ ಎಸ್‌ಎಂಪಿಎಸ್ ಬದಲಿಸುವವರಿದ್ದಾರೆ. ಬಹುತೇಕ ಸಲ ತಪ್ಪು ಅದರದ್ದಲ್ಲ. ಎಸ್‌ಎಂಪಿಎಸ್ ಬಾಯಲ್ಲಿರುವ ಫಿಲ್ಟರ್ ಕೆಪಾಸಿಟರುಗಳು ಸಣ್ಣ ಸೋರಿಕೆಯನ್ನು ಅರ್ಥಿಂಗ್‌ಗೆ ಹರಿಸಬೇಕು. ಪ್ಲಗ್ಗಿನಲ್ಲಿ ಅರ್ಥ್ ಇಲ್ಲದಿದ್ದರೆ ಅಥವಾ ಮೂರು ಪಿನ್ನಿಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿದ್ದರೆ ಆ ಕರೆಂಟು ಕ್ಯಾಬಿನೆಟ್ಟಿನಲ್ಲೇ ಉಳಿಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸಿ. ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಬೇಡ ಅನ್ನುವವರು ಅದರ ಮೇಲಿನ ಸ್ವಿಚ್ 'ಯುಪಿಎಸ್' ಮೋಡ್‌ನಲ್ಲಿದೆಯೇ ನೋಡಿ. ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆಯುವುದು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಇನ್ವರ್ಟರ್ ಸಾಧಾರಣ ಮೋಡ್‌ನಲ್ಲಿ ಅದಕ್ಕಿಂತ ತಡಮಾಡಿ ಬರುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್ ಸೈನ್ ವೇವ್ ಆಗಿರಬೇಕು, ಹಳೆಯ ಸ್ಕ್ವೇರ್ ವೇವ್ ಬೇಡ. ಇನ್ವರ್ಟರ್ ಇಲ್ಲದವರಿಗೆ 600 ವಿಎ ಯುಪಿಎಸ್ ಸಾಕು, ಸುಮಾರು 360 ವ್ಯಾಟ್ ತಾಳುತ್ತದೆ, ಈ ಸೆಟ್ಟು ಮಾನಿಟರ್ ಸೇರಿ ಅಷ್ಟರ ಹತ್ತಿರಕ್ಕೂ ಹೋಗುವುದಿಲ್ಲ.

ಕ್ಯಾಬಿನೆಟ್ ಬಗ್ಗೆ ಹೇಳುವುದು ಕಡಿಮೆ. ಮುಂಭಾಗದಲ್ಲಿ ಜಾಲರಿ ಇರಲಿ, ಹಿಂದೆ ಒಂದು ಫ್ಯಾನ್ ಇರಲಿ. ಗಾಜಿನ ಮುಖ, ಆರು ಬಣ್ಣದ ಫ್ಯಾನು, ಒಳಗೆ ಮಾತ್ರ ಒಂಟಿ ರ್ಯಾಮು ಅಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಷ್ಟೆ. ಬಾಕ್ಸಿನಲ್ಲಿ ಬರುವ ರೇಯ್ತ್ ಸ್ಟೆಲ್ತ್ ಕೂಲರ್ ಬೆಂಗಳೂರು, ಮೈಸೂರು, ಮಲೆನಾಡಿಗೆ ಸಾಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ದಾಟಿದಾಗ ಪ್ರೊಸೆಸರ್ ತನ್ನ 95 ಡಿಗ್ರಿ ಮಿತಿಯತ್ತ ಹೋಗಿ ವೇಗ ತಗ್ಗಿಸಿಕೊಳ್ಳಬಹುದು. ಅಲ್ಲಿಯವರು 120 ಮಿ.ಮೀ. ಫ್ಯಾನಿನ ಸಣ್ಣ ಟವರ್ ಕೂಲರ್ ಸೇರಿಸಿಕೊಂಡರೆ ಒಳ್ಳೆಯದು.

ಜೋಡಣೆ ಕಷ್ಟದ್ದಲ್ಲ, ಕೆಡುವ ಜಾಗಗಳು ಗೊತ್ತಿದ್ದರೆ. 5600ಜಿ ಕೂರುವ ಎಎಂ4 ಸಾಕೆಟ್ಟಿನ ವ್ಯವಸ್ಥೆಯಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನಲ್ಲಿ, ಒಟ್ಟು 1331. ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತಾನಾಗಿ ಕೂರುತ್ತದೆ. ಒತ್ತಬೇಕಾಯಿತು ಅಂದರೆ ದಿಕ್ಕು ತಪ್ಪಿದೆ. ರೇಯ್ತ್ ಸ್ಟೆಲ್ತ್ ಹಾಕುವಾಗ ಬೋರ್ಡಿನ ಮೇಲಿರುವ ಎರಡು ಕಪ್ಪು ಪ್ಲಾಸ್ಟಿಕ್ ಕೊಂಡಿಗಳನ್ನು ಬಿಚ್ಚಬೇಕು. ಬಿಚ್ಚಿದ ಕೂಡಲೇ ಹಿಂಬದಿಯ ಲೋಹದ ಪ್ಲೇಟು ಕಳಚಿ ಬೀಳುತ್ತದೆ. ಹೊಸಬರು ಬೋರ್ಡೇ ಮುರಿಯಿತು ಅಂದುಕೊಳ್ಳುತ್ತಾರೆ. ಏನೂ ಆಗಿಲ್ಲ, ಪ್ಲೇಟನ್ನು ಒಂದು ಕೈಯಲ್ಲಿ ಹಿಂದಿನಿಂದ ಒತ್ತಿಹಿಡಿದು ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಗಳ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಶಾಖ ಸಾಗಿಸುವ ಪೇಸ್ಟ್ ಕೂಲರಿಗೆ ಬಳಿದೇ ಬಂದಿರುತ್ತದೆ, ಬೆರಳು ಇಡಬೇಡಿ, ಮೇಲೆ ಇನ್ನಷ್ಟು ಹಚ್ಚಬೇಡಿ. ವರ್ಷಗಳ ಮೇಲೆ ಕೂಲರ್ ತೆಗೆಯುವಾಗ ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಬೆಚ್ಚಗಿರುವಾಗಲೇ ಕೂಲರನ್ನು ಅತ್ತಿತ್ತ ತಿರುಗಿಸಿ ಸಡಿಲಿಸಿ. ನೇರ ಮೇಲಕ್ಕೆಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನು ಬಾಗುತ್ತವೆ. ಬಾಗಿದ ಪಿನ್ನಿಗೆ ವಾರಂಟಿ ಇಲ್ಲ.

ರ್ಯಾಮಿಗೆ ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ನಾಲ್ಕನೆಯದು. ಮೊದಲೆರಡರಲ್ಲೋ ಕೊನೆಯೆರಡರಲ್ಲೋ ಹಾಕಿದರೆ ಎರಡು ಸ್ಟಿಕ್ ಇದ್ದೂ ಒಂದೇ ಚಾನೆಲ್. ಎಂ.2ರ ಪುಟ್ಟ ಸ್ಕ್ರೂ ಬೋರ್ಡಿನ ಡಬ್ಬಿಯಲ್ಲಿ ಸಣ್ಣ ಕವರಿನಲ್ಲಿರುತ್ತದೆ, ಡಬ್ಬಿ ಎಸೆಯುವ ಮುನ್ನ ಹುಡುಕಿ. ಮಾನಿಟರ್ ಕೇಬಲ್ ಬೋರ್ಡಿನ ಹಿಂಬದಿಯ ಎಚ್‌ಡಿಎಂಐಗೆ. ಮೊದಲ ಸಲ ಆನ್ ಮಾಡಿದಾಗ ಬೋರ್ಡು ರ್ಯಾಮನ್ನು ಹೊಂದಿಸಿಕೊಳ್ಳುತ್ತಾ ಒಂದೆರಡು ಸಲ ತಾನೇ ಆಫ್-ಆನ್ ಆಗಬಹುದು, ಒಂದು ನಿಮಿಷ ಕಾಯಿರಿ. ಆಮೇಲೂ ಚಿತ್ರ ಬರದಿದ್ದರೆ ಒಂದೇ ಸ್ಟಿಕ್ ಎರಡನೇ ಸ್ಲಾಟಿನಲ್ಲಿಟ್ಟು ನೋಡಿ. ಮಂಗಳೂರು, ಉಡುಪಿ ಕಡೆಯ ತೇವದಲ್ಲಿ ಕೆಲವು ವರ್ಷದ ನಂತರ ದಿಢೀರನೆ ಹೀಗಾದರೂ ಮೊದಲ ಸಂಶಯ ರ್ಯಾಮಿನ ಕಾಲುಗಳ ಮೇಲೆಯೇ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜುವ ಊರಮದ್ದೂ ಕೆಲಸ ಮಾಡುತ್ತದೆ, ಪುಡಿ ಪೂರ್ತಿ ಊದಿ ತೆಗೆಯಬೇಕು.

ಕೊನೆಗೆ ಬಿಲ್ಲು. 'ಜಿಎಸ್‌ಟಿ ಬೇಡ ಅಂದರೆ ಇಷ್ಟು' ಅನ್ನುವ ಮಾತು ಬಂದೇ ಬರುತ್ತದೆ. 18 ಪರ್ಸೆಂಟ್ ಉಳಿಯಿತು ಅನಿಸಿದರೂ ವಾರಂಟಿ ಕೇಳುವ ದಿನ ಕೈಯಲ್ಲಿ ಕಾಗದ ಇರುವುದಿಲ್ಲ. ಪ್ರತಿ ಭಾಗದ ಪೂರ್ತಿ ಮಾಡೆಲ್ ಹೆಸರು ಮತ್ತು ಸೀರಿಯಲ್ ನಂಬರ್ ಬಿಲ್ಲಿನಲ್ಲಿರಲಿ. 'ಅಸೆಂಬಲ್ಡ್ ಪಿಸಿ 1 ಸೆಟ್' ಅಂತ ಒಂದೇ ಸಾಲು ಬರೆದರೆ ಒಪ್ಪಬೇಡಿ. ಪ್ರೊಸೆಸರ್ ಸೀಲಾದ ಬಾಕ್ಸಿನದೇ ಆಗಿರಲಿ, ಅದಕ್ಕೆ ಎಎಂಡಿಯದೇ ಮೂರು ವರ್ಷದ ವಾರಂಟಿ. 'ಟ್ರೇ' (ಬಾಕ್ಸಿಲ್ಲದೆ ಬಿಡಿಯಾಗಿ ಬರುವ) ಪ್ರೊಸೆಸರ್ ಸ್ವಲ್ಪ ಅಗ್ಗ, ಆದರೆ ಜೊತೆಗೆ ಕೂಲರ್ ಬರುವುದಿಲ್ಲ, ವಾರಂಟಿಯೂ ಮಾರಿದವರ ಬಾಯಿಮಾತಿನಷ್ಟೇ. ಎಲ್ಲ ಡಬ್ಬಿಗಳನ್ನೂ ಮನೆಗೆ ತಂದು ಸೀರಿಯಲ್ ಸ್ಟಿಕ್ಕರ್ ಸಮೇತ ಅಟ್ಟದ ಮೇಲಿಡಿ, ಸರ್ವಿಸ್ ಸೆಂಟರಿನಲ್ಲಿ ಬಿಲ್ಲಿನ ಜೊತೆ ಅದನ್ನೂ ಕೇಳುವುದುಂಟು.